ಡ್ಯಾಮ್ ಊರಿಂದ ತೂಬಿನ ಊರಿಗೆ

ಬಾಡಿಗೆ ಸೈಕಲ್ ಹತ್ತಿ ನೂರು ಮೀಟರ್ ಹೋಗಿರಲಿಲ್ಲ, ಬಿದ್ದೆ.

ಸೈಕಲ್ ಬಾರದೆ ಬಿದ್ದದ್ದಲ್ಲ. ಹೋಗ್ತಾ ಹೋಗ್ತಾ ಪೆಡಲನ್ನು ಸುಮ್ನೆ ಒಂದು ಸುತ್ತು ಹಿಂದಕ್ಕೆ ತಿರುಗಿಸುವುದು ನನಗೆ ಚಿಕ್ಕಂದಿನ ಚಟ. ಚೈನು ಟಿಕ್ ಟಿಕ್ ಅನ್ನುತ್ತದೆ, ಕಾಲಿಗೂ ಆರಾಮ. ಆದರೆ ಬೆಲ್ಜಿಯಂನ ಈ ಸೈಕಲ್‌ನಲ್ಲಿ ಹಿಂದಕ್ಕೆ ತುಳಿದರೆ ಅದೇ ಬ್ರೇಕು. ಹಿಂದಿನ ಚಕ್ರ ಗಕ್ಕನೆ ನಿಂತಿತು. ನಾನು ಎಡಕ್ಕೆ ವಾಲಿ ಬ್ರೂಜ್ ನಗರದ ಕಲ್ಲುಹಾಸಿನ ಮೇಲೆ ಮೊಣಕೈ ಊರಿ ಕೂತೆ. ಸೈಕಲ್ ಕೊಟ್ಟ ಹುಡುಗ ಸೀಟಿನ ಎತ್ತರ ಸರಿ ಮಾಡಿಕೊಟ್ಟಿದ್ದ, ಬೀಗ ಹಾಕೋದು ತೋರಿಸಿದ್ದ. ಇದೊಂದನ್ನು ಮಾತ್ರ ಹೇಳಿರಲಿಲ್ಲ. ಹುಟ್ಟಿದಾಗಿನಿಂದ ಅಂಥದ್ದೇ ಸೈಕಲ್ ತುಳಿದವನಿಗೆ ಇದು ಹೇಳುವ ವಿಷಯ ಅಂತ ಹೊಳೆಯುವುದಾದರೂ ಹೇಗೆ?

“ಅಪ್ಪಾ, ಪೆಟ್ಟಾಯ್ತಾ?” ಅಂತ ಮಗ ಓಡಿ ಬಂದ. ಪೆಟ್ಟೇನೂ ಆಗಿರಲಿಲ್ಲ. ನನ್ನ ಹೆಂಡತಿ ಮಾತ್ರ, “ಬೇಡ ಅಂದ್ರೆ ಕೇಳ್ತೀರಾ? ಅರವತ್ತಮೂರು ವರ್ಷಕ್ಕೆ ಇದೆಲ್ಲ ಬೇಕಿತ್ತಾ?” ಅಂತ ಶುರು ಮಾಡಿದಳು. ಸೊಸೆ ನಗು ತಡೆಯಲು ಆ ಕಡೆ ತಿರುಗಿದ್ದು ನನಗೆ ಕಾಣಿಸಿತು.

ನಾನು ನೀರಾವರಿ ಇಲಾಖೆಯಲ್ಲಿ ಇದ್ದವನು. ಮೂವತ್ತೊಂದು ವರ್ಷ ನಾಲೆ, ತೂಬು, ಗೇಟು, ಗೇಜು ಇಷ್ಟೇ ನನ್ನ ಪ್ರಪಂಚ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಜೀಪು ಸಾಹೇಬರಿಗೆ, ಸೈಕಲ್ಲು ನಮಗೆ. ನಾಲೆ ಏರಿ ಮೇಲೆ ಎಷ್ಟು ಕಿಲೋಮೀಟರ್ ತುಳಿದಿದ್ದೇನೋ ಲೆಕ್ಕ ಇಟ್ಟಿಲ್ಲ. ಹಾಗಾಗಿ ಮಗ ತಾನಿರುವ ಬೆಲ್ಜಿಯಂನ ಗೆಂಟ್ ನಗರದಿಂದ ಫೋನ್ ಮಾಡಿ, “ಇಲ್ಲಿ ಹಳೇ ಕಾಲುವೆಗಳ ಪಕ್ಕದಲ್ಲೇ ಸೈಕಲ್ ದಾರಿ ಇದೆಯಪ್ಪಾ, ಕಾರು ಲಾರಿ ಕಾಟ ಇಲ್ಲ, ನಿನಗೆ ಇಷ್ಟ ಆಗ್ತದೆ” ಅಂದಾಗ, “ಕಾಲುವೆ ನೋಡೋಕೆ ನಾನು ವಿಮಾನ ಹತ್ತಬೇಕೇನೋ?” ಅಂತ ನಕ್ಕಿದ್ದೆ. ಹತ್ತಿದೆ ಅನ್ನಿ.

ಏಪ್ರಿಲ್ ಕೊನೆಯ ಒಂದು ಶನಿವಾರ. ಗೆಂಟ್‌ನಿಂದ ಬ್ರೂಜ್‌ಗೆ ರೈಲಿನಲ್ಲಿ ಅರ್ಧ ಗಂಟೆಯೂ ಇಲ್ಲ. ಪ್ಲಾನ್ ಹೀಗಿತ್ತು: ಮಗ ಮತ್ತು ನಾನು ಸೈಕಲ್‌ನಲ್ಲಿ, ಅತ್ತೆ ಸೊಸೆ ದೋಣಿಯಲ್ಲಿ. ಬ್ರೂಜ್‌ನ ಈಶಾನ್ಯ ಮೂಲೆಯಿಂದ ಡಮ್ಸೆ ವಾರ್ಟ್ ಅನ್ನೋ ಕಾಲುವೆ ಹೊರಡುತ್ತದೆ. ಹಳೇ ಕಾಲದ ಹಾಗೆ ಚಕ್ರ ತಿರುಗಿಸಿಕೊಂಡು ಹೋಗುವ ಒಂದು ಪ್ರವಾಸಿ ದೋಣಿ ಅಲ್ಲಿಂದ ಡಮ್ಮೆ ಅನ್ನೋ ಊರಿಗೆ ಕರೆದುಕೊಂಡು ಹೋಗುತ್ತದೆ. ಐದಾರು ಕಿಲೋಮೀಟರ್, ಅರ್ಧ ಗಂಟೆ ಚಿಲ್ಲರೆ. ನಾವು ತುಳಿಯುವ ವೇಗಕ್ಕೂ ಅದಕ್ಕೂ ಹೆಚ್ಚು ಕಮ್ಮಿ ಸರಿಹೋಗುತ್ತದೆ. ಯಾರು ಮೊದಲು ಮುಟ್ಟುತ್ತಾರೆ ಅಂತ ಸೊಸೆ ಪಂದ್ಯ ಕಟ್ಟಿದಳು.

ಕಾಲುವೆಗೆ ಎರಡು ದಡ. ಒಂದು ದಡದಲ್ಲಿ ಡಮ್ಮೆಗೆ ಹೋಗುವ ಕಾರುಗಳ ರಸ್ತೆ. ಇನ್ನೊಂದು ದಡ ಸೈಕಲ್‌ನವರದ್ದು ಅಂತಲೇ ಅನ್ನಬಹುದು. ಹೊಸಬರು ಗೊತ್ತಿಲ್ಲದೆ ಕಾರಿನ ದಡ ಹಿಡಿದು ಆಮೇಲೆ ಬೇಜಾರು ಮಾಡಿಕೊಳ್ಳುತ್ತಾರಂತೆ. ಉತ್ತರದ ದಡ ಹಿಡಿಯಿರಿ. ಮತ್ತೆ ಬಲಗಡೆ ಇರಿ. ನಾನು ಅಭ್ಯಾಸಬಲದಿಂದ ಎಡಕ್ಕೆ ಎಡಕ್ಕೆ ಜಾರುತ್ತಿದ್ದೆ. ಎದುರಿಂದ ಬಣ್ಣ ಬಣ್ಣದ ಬಿಗಿ ಬಟ್ಟೆ ಹಾಕಿಕೊಂಡು ಹತ್ತು ಹನ್ನೆರಡು ಜನ ಒಂದೇ ಗುಂಪಾಗಿ ಬಾಣದ ಹಾಗೆ ಬಂದರು. ಎಲ್ಲರೂ ನನ್ನ ವಯಸ್ಸಿನವರೇ! ಮುಂದಿದ್ದವರು ಏನೋ ಕೂಗಿದರು. ಬೈಗುಳವೋ ನಮಸ್ಕಾರವೋ ತಿಳಿಯಲಿಲ್ಲ. ಮಗ ಅನುವಾದ ಮಾಡಲು ಒಪ್ಪಲಿಲ್ಲ.

ಕಾಲುವೆ ದಡದ ಇಂಥ ದಾರಿಗೆ ಇಲ್ಲಿ ‘ಯಾಖ್‌ಪಾಟ್’ ಅನ್ನುತ್ತಾರೆ. ಅಟ್ಟಿಕೊಂಡು ಹೋಗುವ ದಾರಿ ಅಂತ ಅರ್ಥ. ಇಂಜಿನ್ ಬರುವ ಮುಂಚೆ ದೋಣಿಗೆ ಹಗ್ಗ ಕಟ್ಟಿ ದಡದಿಂದ ಕುದುರೆ ಎಳೆಯುತ್ತಿತ್ತು. ಕುದುರೆಯನ್ನು ಅಟ್ಟಿಕೊಂಡು ಹೋಗುವವನಿಗೆ ಒಂದು ದಾರಿ ಬೇಕಲ್ಲ, ಅದೇ ಇದು. ಕುದುರೆಗೆ ಗತಿಯಿಲ್ಲದ ಬಡವರ ದೋಣಿಯನ್ನು ಹೆಂಡತಿ ಮಕ್ಕಳೇ ಎದೆಗೆ ಪಟ್ಟಿ ಬಿಗಿದುಕೊಂಡು ಎಳೆಯುತ್ತಿದ್ದರಂತೆ. ಬ್ರೂಜ್‌ನಿಂದ ಗೆಂಟ್‌ಗೆ 17ನೇ ಶತಮಾನದ ಶುರುವಿನಲ್ಲಿ ತೋಡಿದ ಕಾಲುವೆಯಲ್ಲಿ ಇದಕ್ಕೆ ತದ್ವಿರುದ್ಧ. ಕುದುರೆ ಎಳೆಯುವ ಪ್ರಯಾಣಿಕರ ದೋಣಿ, ಒಳಗೆ ಒಳ್ಳೇ ಊಟ. ಯುರೋಪಿನ ಪ್ರವಾಸಿಗಳು ಅದನ್ನು ಹೊಗಳಿದ್ದೇ ಹೊಗಳಿದ್ದು. ಆ ಕಾಲುವೆ ಇವತ್ತಿಗೂ ದುಡಿಯುತ್ತಿದೆ. ಗೆಂಟ್‌ನ ಮನೆಯಿಂದ ಹಿಂದಿನ ವಾರ ಆ ಕಡೆಗೂ ಹೋಗಿದ್ದೆವು. ಮರಳು ತುಂಬಿದ ದೊಡ್ಡ ದೊಡ್ಡ ಬಾರ್ಜ್‌ಗಳು ಗುಡುಗುಡು ಅನ್ನುತ್ತಾ ಹೋಗುತ್ತವೆ. ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಡಮ್ಸೆ ವಾರ್ಟ್‌ನ ಮೌನ ಅಲ್ಲಿಲ್ಲ.

ಮೌನ ಅಂದೆನಲ್ಲ, ಹೇಗಿರುತ್ತದೆ ಅಂದರೆ ಟೈರಿನ ಸದ್ದು ನಿಮಗೆ ಕೇಳಿಸುತ್ತದೆ. ಎರಡೂ ಕಡೆ ಎತ್ತರದ ಪಾಪ್ಲರ್ ಮರಗಳ ಸಾಲು. ಒಂದೂ ನೆಟ್ಟಗಿಲ್ಲ. ಸಮುದ್ರದ ಕಡೆಯಿಂದ ವರ್ಷಪೂರ್ತಿ ಬೀಸುವ ಗಾಳಿಗೆ ಎಲ್ಲವೂ ಒಂದೇ ಕಡೆ ಬಾಗಿ ನಿಂತಿವೆ. ಅವುಗಳ ಚಿಗುರು ಹಸಿರಲ್ಲ, ಮಾವಿನ ಚಿಗುರಿನ ಹಾಗೆ ಕೆಂಪು. ಹಿಂದೆ ಈ ಮರದಿಂದ ರೈತರಿಗೆ ಮರದ ಚಪ್ಪಲಿ ಕೆತ್ತುತ್ತಿದ್ದರು. ಮರಗಳ ಆಚೆ ಹೊಲ, ಹಸು, ದೂರದಲ್ಲಿ ಒಂದು ಚರ್ಚಿನ ಗೋಪುರ, ಇನ್ನೂ ದೂರದಲ್ಲಿ ಇನ್ನೊಂದು. ಅಡ್ಡ ಬರಲು ಒಂದು ದಿಬ್ಬವೂ ಇಲ್ಲ. ಕಣ್ಣಿಗೆ ಕಾಣಿಸುವ ಕೊನೆಯ ಗೋಪುರದವರೆಗೂ ನೆಲ ತಟ್ಟೆ.

ಕಾಲುವೆ ದಾರಿ ಏಕೆ ಇಷ್ಟು ಸಲೀಸು ಅಂತ ಸೈಕಲ್‌ನವರು ಯೋಚಿಸುವುದಿಲ್ಲ. ನಾನು ಯೋಚಿಸದೆ ಇರಲಾರೆ. ನೀರುಣಿಸುವ ನಮ್ಮ ನಾಲೆಗೆ ಇಳಿಜಾರು ಕೊಡಲೇಬೇಕು, ಕಿಲೋಮೀಟರಿಗೆ ಇಷ್ಟು ಅಂತ ಲೆಕ್ಕ ಹಾಕಿ. ಇಲ್ಲದಿದ್ದರೆ ಕೊನೇ ಭಾಗದ ರೈತನಿಗೆ ನೀರು ಮುಟ್ಟಲ್ಲ. ದೋಣಿ ಓಡಿಸುವ ಕಾಲುವೆಗೆ ಇಳಿಜಾರು ಇರಕೂಡದು. ನೀರು ನಿಂತಿರಬೇಕು. ಎತ್ತರ ಬದಲಾಗುವ ಕಡೆ ಲಾಕ್, ಅಂದರೆ ಎರಡು ಗೇಟುಗಳ ನಡುವಿನ ನೀರಿನ ತೊಟ್ಟಿ, ಕಟ್ಟಿ ದೋಣಿಯನ್ನೇ ಮೆಟ್ಟಿಲು ಹತ್ತಿಸುತ್ತಾರೆ. ಈ ಕಾಲುವೆಯ ಹದಿನೈದು ಕಿಲೋಮೀಟರಿನಲ್ಲಿ ನನಗೆ ಕಂಡ ಏರು ಅಂದರೆ ಒಂದೆರಡು ಸೇತುವೆ ಅಷ್ಟೇ. ನೀರು ಎಷ್ಟು ಮಟ್ಟವೋ ಪಕ್ಕದ ದಾರಿಯೂ ಅಷ್ಟೇ ಮಟ್ಟ.

ಆದರೂ ಕೆಲಸದ ಚಟ ಬಿಡಬೇಕಲ್ಲ. ದಾರಿಯಲ್ಲಿ ನಿಂತು ಕಿತ್ತಳೆ ಸುಲಿದು ತಿಂದೆವು. ಸಿಪ್ಪೆಯ ಒಂದು ಚೂರನ್ನು ನೀರಿಗೆ ಹಾಕಿ ನೋಡಿದೆ. ಒಣ ಎಲೆ ಹಾಕಿದರೆ ಗಾಳಿ ತಳ್ಳುತ್ತದೆ, ಲೆಕ್ಕ ತಪ್ಪುತ್ತದೆ. ಕಿತ್ತಳೆ ಸಿಪ್ಪೆ ಮುಕ್ಕಾಲು ಮುಳುಗಿ ತೇಲುತ್ತದೆ, ಅದು ನೀರಿನ ಮಾತನ್ನೇ ಕೇಳುತ್ತದೆ. ನಮ್ಮ ನೀರುಗಂಟಿಯೊಬ್ಬರು ಕಲಿಸಿದ ಪಾಠ. ಐದು ನಿಮಿಷ ಆದರೂ ಸಿಪ್ಪೆ ಒಂದು ಗೇಣು ಕದಲಲಿಲ್ಲ.

“ಅಪ್ಪಾ, ದೋಣಿ ಮುಂದೆ ಹೋಯ್ತು” ಅಂದ ಮಗ. ನೋಡಿದರೆ ನನ್ನ ಹೆಂಡತಿ ದೋಣಿಯ ಕಟಕಟೆ ಹಿಡಿದುಕೊಂಡು ಕೈ ಬೀಸುತ್ತಿದ್ದಾಳೆ. ಪಂದ್ಯ ಸೋತೆವು.

ನೆಪೋಲಿಯನ್ ಮಾಡಿಸಿದ ಕಾಲುವೆ ಇದು. ಆತನಿಗೆ ಈ ಕಡೆಯ ಸಮುದ್ರದಲ್ಲಿ ಇಂಗ್ಲಿಷ್ ಹಡಗುಗಳ ಕಾಟ. ಕರಾವಳಿಯಲ್ಲಿ ತಲೆ ಹಾಕಿದರೆ ಹೊಡೆಯುತ್ತಿದ್ದರು. ಸರಿ, ಸಮುದ್ರವೇ ಬೇಡ, ನೆಲದ ಒಳಗಿಂದಲೇ ಬ್ರೂಜ್‌ನಿಂದ ಸ್ಕೆಲ್ಟ್ ನದಿಯ ಅಳಿವೆಗೆ ಒಂದು ಕಾಲುವೆ ತೋಡಿಬಿಡಿ ಅಂತ 1810ರ ಸುಮಾರಿಗೆ ಅಪ್ಪಣೆ ಆಯಿತು. ಗುದ್ದಲಿ ಹಿಡಿದವರು ಸ್ಪೇನ್ ಯುದ್ಧದಲ್ಲಿ ಸೆರೆ ಸಿಕ್ಕ ಸೈನಿಕರು. ಎಲ್ಲಿಯ ಸ್ಪೇನ್, ಎಲ್ಲಿಯ ಈ ಕೆಸರು! ಕೆಲಸ ಅರ್ಧವೂ ಮುಗಿಯುವ ಮುಂಚೆ ಅಪ್ಪಣೆ ಕೊಟ್ಟವನೇ ಸೋತು ದ್ವೀಪ ಸೇರಿದ. ಆಮೇಲೆ ಬಂದ ಡಚ್ ರಾಜ ಮೊದಲನೇ ವಿಲಿಯಂ ಅದನ್ನು ಸ್ಲೌಸ್ ಊರಿನವರೆಗೆ ಎಳೆದು ತಂದ. 1830ರಲ್ಲಿ ಬೆಲ್ಜಿಯಂ ಬೇರೆಯಾಯಿತು, ಸ್ಲೌಸ್ ನೆದರ್ಲ್ಯಾಂಡ್ಸ್‌ನಲ್ಲೇ ಉಳಿಯಿತು. ಮಧ್ಯೆ ಗಡಿ ಬಿತ್ತು. ಸ್ಕೆಲ್ಟ್ ಅಳಿವೆ ಮುಟ್ಟಲೇ ಇಲ್ಲ.

ನಾನು ಕೆಲಸ ಮಾಡುವಾಗಲೂ ಇಂಥವನ್ನು ನೋಡಿದ್ದೇನೆ. ಶಿಲಾನ್ಯಾಸ ಮಾಡಿದವರು ಒಬ್ಬರು, ಅರ್ಧಕ್ಕೆ ನಿಲ್ಲಿಸಿದವರು ಇನ್ನೊಬ್ಬರು. ಆದರೆ ಈ ಅರ್ಧ ಕಾಲುವೆಯ ಭಾಗ್ಯ ಬೇರೆ. ಪೂರ್ತಿ ಆಗಿದ್ದರೆ ಇವತ್ತು ಇಲ್ಲೂ ಬಾರ್ಜ್‌ಗಳು ಗುಡುಗುಡು ಅನ್ನುತ್ತಿದ್ದವು, ದಡದಲ್ಲಿ ಗೋಡೌನು, ಲಾರಿ, ಸಿಮೆಂಟು ಇರುತ್ತಿದ್ದವು. ಪಕ್ಕದಲ್ಲೇ ಬ್ರೂಜ್‌ನಿಂದ ಜೇಬ್ರುಗ್ಗೆ ಬಂದರಿಗೆ ಹೋಗುವ ಕಾಲುವೆ ಹಾಗೆಯೇ ಇದೆ. ಅಲ್ಲಿ ಸೈಕಲ್ ತುಳಿಯಲು ಯಾರೂ ವಿಮಾನ ಹತ್ತಿ ಬರುವುದಿಲ್ಲ.

ಡಮ್ಮೆ ತಲುಪುವ ಮುಂಚೆ ದಡದಲ್ಲಿ ಒಂದು ಗಾಳಿ ಗಿರಣಿ. ಊರಿನ ಹೆಸರು ಕೇಳಿದಾಗಿನಿಂದ ನನಗೊಂದು ಅನುಮಾನ ಇತ್ತು. ಡಮ್ಮೆ ಅಂದರೆ ಡ್ಯಾಮೇ ಅಲ್ವಾ? ಹೌದಂತೆ. ಆಂಸ್ಟರ್‌ಡ್ಯಾಮ್, ರಾಟರ್‌ಡ್ಯಾಮ್‌ನಲ್ಲಿ ಇರುವ ಅದೇ ಡ್ಯಾಮ್. ನಾವು ಹೋಗಬೇಕಿದ್ದ ಸ್ಲೌಸ್ ಅಂದರೆ ಡಚ್ ಭಾಷೆಯಲ್ಲಿ ಗೇಟು, ತೂಬು. ಡ್ಯಾಮ್ ಅನ್ನೋ ಊರಿಂದ ತೂಬು ಅನ್ನೋ ಊರಿಗೆ ಕಾಲುವೆ ಏರಿ ಮೇಲೆ ಸೈಕಲ್ ತುಳಿಯುವುದು! ಮೂವತ್ತೊಂದು ವರ್ಷ ನನಗೆ ಸಂಬಳ ಕೊಟ್ಟದ್ದೂ ಇದಕ್ಕೇ ತಾನೆ?

ಡಮ್ಮೆ ಪುಟ್ಟ ಊರು. ಮಧ್ಯದಲ್ಲಿ ಒಂದು ಚೌಕ, ಅಲ್ಲಿ 13ನೇ ಶತಮಾನದ ಕವಿ ಯಾಕೋಬ್ ವಾನ್ ಮಾರ್ಲಾಂಟ್ ಪ್ರತಿಮೆ, ಹಿಂದೆ 1460ರ ದಶಕದ ಕಲ್ಲಿನ ಟೌನ್ ಹಾಲ್. ಊರಿನ ಅಳತೆಗೆ ಆ ಟೌನ್ ಹಾಲ್ ಜಾಸ್ತಿ ಆಯಿತು ಅನಿಸುತ್ತದೆ. ಕಾರಣ ಇದೆ. ಒಂದು ಕಾಲದಲ್ಲಿ ಇದು ಬ್ರೂಜ್‌ನ ಬಂದರು. 1134ರ ಬಿರುಗಾಳಿಗೆ ಸಮುದ್ರ ಒಳನುಗ್ಗಿ ಜ್ವಿನ್ ಅನ್ನೋ ಹಿನ್ನೀರಿನ ಹಾದಿ ಮಾಡಿಕೊಟ್ಟಿತು. ಅದರ ತುದಿಗೆ ಡ್ಯಾಮ್ ಕಟ್ಟಿದರು, ಊರು ಹುಟ್ಟಿತು. ಫ್ರಾನ್ಸ್‌ನ ಬೋರ್ಡೊ ದ್ರಾಕ್ಷಾರಸ ಇಲ್ಲೇ ಇಳಿಯಬೇಕು ಅಂತ ಕಟ್ಟಳೆಯೇ ಇತ್ತು. ಆಮೇಲೆ ಹೂಳು ತುಂಬಿತು. ಹೂಳಿನ ಬಗ್ಗೆ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೊದಲು ಯಾರಿಗೂ ಕಾಣಲ್ಲ, ಕಂಡಾಗ ಕೈಮೀರಿರುತ್ತದೆ. ಹಡಗು ಬರುವುದು ನಿಂತಿತು, ವ್ಯಾಪಾರ ಆಂಟ್‌ವರ್ಪ್‌ಗೆ ಹೋಯಿತು. ಈಗ ಡಮ್ಮೆಯಿಂದ ಸಮುದ್ರಕ್ಕೆ ಹತ್ತು ಕಿಲೋಮೀಟರಿಗೂ ಹೆಚ್ಚು. ಊರಲ್ಲಿ ಹಳೇ ಪುಸ್ತಕದ ಅಂಗಡಿಗಳಿವೆ.

ನನ್ನ ಹೆಂಡತಿಗೆ ಹಿಡಿಸಿದ್ದು ಬೇರೆ ಕಥೆ. 1468ರ ಜುಲೈನಲ್ಲಿ ಬರ್ಗಂಡಿಯ ಡ್ಯೂಕ್ ಚಾರ್ಲ್ಸ್, ಇಂಗ್ಲೆಂಡ್ ರಾಜನ ತಂಗಿ ಮಾರ್ಗರೆಟ್‌ಳನ್ನು ಈ ಊರಿನಲ್ಲೇ ಮದುವೆಯಾದ. ಮದುವೆ ನಡೆದದ್ದು ಬೆಳ್ಳಂಬೆಳಗ್ಗೆ 5 ಗಂಟೆ ಸುಮಾರಿಗೆ. “ನೋಡಿ, ಇವರಿಗೂ ಮುಹೂರ್ತ ಇತ್ತು” ಅಂತ ಅವಳು ತೀರ್ಮಾನ ಕೊಟ್ಟಳು. ಯಾರೂ ತಕರಾರು ಎತ್ತಲಿಲ್ಲ. ಅವಳೂ ಸೊಸೆಯೂ ಅಲ್ಲೇ ಉಳಿದರು. ನಾವು ಮುಂದಕ್ಕೆ ಹೊರಟೆವು.

ಡಮ್ಮೆ ದಾಟಿದ ಮೇಲೆ ಜನ ಇನ್ನೂ ಕಮ್ಮಿ. ಗಾಳಿ ಬೆನ್ನಿಗಿತ್ತು. ನಾನು ಏನೂ ತುಳಿಯದೆ ಹೋಗುತ್ತಿದ್ದೆ. ವಯಸ್ಸಾದರೂ ನನ್ನ ಕಾಲಲ್ಲಿ ಇನ್ನೂ ಶಕ್ತಿ ಇದೆ ಅಂತ ನಂಬಿಬಿಟ್ಟಿದ್ದೆ. ಮಗನಿಗೆ ಆಗಲೇ ಗೊತ್ತಿತ್ತು, ಹೇಳಲಿಲ್ಲ ಅಷ್ಟೇ.

ದಾರಿ ಕೇಳುವ ತಾಪತ್ರಯ ಇಲ್ಲ. ದಾರಿಗಳು ಸೇರುವ ಕಡೆಯೆಲ್ಲ ಒಂದೊಂದು ನಂಬರಿನ ಫಲಕ. ‘ಕ್ನೋಪ್‌ಪುಂಟ್’ ಅನ್ನುತ್ತಾರೆ, ಗಂಟು ಅಂತ ಇಟ್ಟುಕೊಳ್ಳಿ. ಹೊರಡುವ ಮುಂಚೆ ನಾಲ್ಕೈದು ನಂಬರ್ ಚೀಟಿಯಲ್ಲಿ ಬರೆದುಕೊಂಡರೆ ಆಯಿತು. ಒಂದು ಗಂಟಿನಿಂದ ಮುಂದಿನ ಗಂಟಿಗೆ ಬಾಣದ ಗುರುತು ಕರೆದುಕೊಂಡು ಹೋಗುತ್ತದೆ. ಇದನ್ನು ಕಂಡುಹಿಡಿದವರು ಹ್ಯೂಗೋ ಬೊಲೆನ್ ಅನ್ನೋ ಗಣಿ ಇಂಜಿನಿಯರ್. ಲಿಂಬರ್ಗ್ ಪ್ರಾಂತ್ಯದ ಕಲ್ಲಿದ್ದಲು ಗಣಿಯ ಒಳಗೆ ಸುರಂಗ ಸೇರುವ ಜಾಗಗಳಿಗೆ ನಂಬರ್ ಹಾಕುತ್ತಿದ್ದರು. ಗಣಿ ಮುಚ್ಚಿದ ಮೇಲೆ ಅದೇ ಉಪಾಯವನ್ನು ನೆಲದ ಮೇಲೆ ಸೈಕಲ್‌ಗೆ ತಂದರು. 1995ರಲ್ಲಿ ಅಲ್ಲಿ ಶುರುವಾದದ್ದು ಈಗ ಬೆಲ್ಜಿಯಂನ ಉತ್ತರ ಭಾಗವಾದ ಫ್ಲಾಂಡರ್ಸ್ ಪೂರ್ತಿ, ನೆದರ್ಲ್ಯಾಂಡ್ಸ್ ಪೂರ್ತಿ ಇದೆ. ಇಂಜಿನಿಯರ್ ಒಬ್ಬರ ಕೆಲಸ ಅಂತ ಕೇಳಿ ನನಗೆ ಸ್ವಲ್ಪ ಜಾಸ್ತಿಯೇ ಖುಷಿ ಆಯಿತು.

ಡಮ್ಮೆಯಿಂದ ಸ್ವಲ್ಪ ಮುಂದೆ ಹೋದರೆ ಸೈಫನ್, ಅಂದರೆ ಒಂದು ಕಾಲುವೆಯ ನೀರನ್ನು ಇನ್ನೊಂದರ ಅಡಿಯಲ್ಲಿ ದಾಟಿಸುವ ಕೊಳವೆ. ಜಾಗದ ಹೆಸರೇ ಸೈಫನ್. ನನ್ನ ಮಟ್ಟಿಗೆ ಇಡೀ ದಿನದ ಊಟ ಇದು, ಉಳಿದದ್ದೆಲ್ಲ ಉಪ್ಪಿನಕಾಯಿ.

ಇಲ್ಲಿ ಡಮ್ಸೆ ವಾರ್ಟ್‌ಗೆ ಅಡ್ಡಲಾಗಿ ಎರಡು ಕಾಲುವೆಗಳು ಅಕ್ಕಪಕ್ಕ ಅಂಟಿಕೊಂಡ ಹಾಗೆ ಸಮುದ್ರದ ಕಡೆ ಹೋಗುತ್ತವೆ. ಮಧ್ಯೆ ಒಂದು ಏರಿ ಅಷ್ಟೇ ಗಡಿ. ಒಂದು ಲಿಯೊಪೋಲ್ಡ್ ಕಾಲುವೆ, ಇನ್ನೊಂದು ಸ್ಕಿಪ್‌ಡೊಂಕ್ ಕಾಲುವೆ. ಊರವರು ಕರೆಯುವುದು ಬ್ಲಿಂಕರ್ ಮತ್ತು ಸ್ಟಿಂಕರ್ ಅಂತ. ಹೊಳೆಯುವವನು, ನಾರುವವನು! ಒಂದೇ ಕಡೆಗೆ ಹೋಗುವ ಎರಡು ಕಾಲುವೆ ಏಕೆ ಅಂತ ನಾನು ತಲೆ ಕೆರೆದುಕೊಂಡೆ. ನಮ್ಮಲ್ಲಿ ಯಾರಾದರೂ ಹೀಗೆ ಎಸ್ಟಿಮೇಟ್ ಕಳಿಸಿದ್ದರೆ ಮೇಲಿನವರು ವಾಪಸ್ ಬಿಸಾಡುತ್ತಿದ್ದರು.

ಎರಡಕ್ಕೂ ಬೇರೆ ಬೇರೆ ಕೆಲಸ. ನಾರುವವನ ಕಥೆ ಮೊದಲು. ಲೀ ನದಿಯಲ್ಲಿ ಅಗಸೆ ಗಿಡದ ಕಟ್ಟುಗಳನ್ನು ನೆನೆಹಾಕಿ ಕೊಳೆಸಿ ನಾರು ತೆಗೆಯುತ್ತಿದ್ದರು. ಲಿನನ್ ಬಟ್ಟೆಗೆ ಆ ನಾರು ಬೇಕು. ಕೆರೆಯಲ್ಲಿ ಕತ್ತಾಳೆ ಕೊಳೆಹಾಕಿದ್ದನ್ನು ಮೂಸಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ನೀರು, ಜೊತೆಗೆ ಪ್ರವಾಹದ ನೀರು, ಗೆಂಟ್ ನಗರಕ್ಕೆ ನುಗ್ಗದ ಹಾಗೆ ಮೇಲುಗಡೆಯೇ ತಿರುಗಿಸಿ ಸಮುದ್ರಕ್ಕೆ ಬಿಡಲು 19ನೇ ಶತಮಾನದ ನಡುವಿನಲ್ಲಿ ತೋಡಿದ್ದು ಸ್ಟಿಂಕರ್. ಈಗ ನಾರಲ್ಲ. ಮೂಸಿ ನೋಡಿಯೇ ಹೇಳುತ್ತಿದ್ದೇನೆ. ಈ ಕಾಲುವೆಯನ್ನು ಅಗಲ ಮಾಡಿ ಜೇಬ್ರುಗ್ಗೆಗೆ ಬಾರ್ಜ್ ಓಡಿಸಬೇಕು ಅನ್ನೋ ಯೋಜನೆ ಒಂದಿತ್ತು. ಈ ಕಡೆಯ ಜನ ಬೇಡವೇ ಬೇಡ ಅಂತ ವರ್ಷಗಟ್ಟಲೆ ಹೋರಾಡಿದರು.

ಹೊಳೆಯುವವನ ಕಥೆ ಇನ್ನೂ ಚೆನ್ನಾಗಿದೆ. ಈ ನೆಲವೆಲ್ಲ ಪೋಲ್ಡರ್, ಅಂದರೆ ಏರಿ ಕಟ್ಟಿ ಸಮುದ್ರದಿಂದ ಕಿತ್ತುಕೊಂಡ ಜಮೀನು. ಭರತದ ಹೊತ್ತಿಗೆ ಸಮುದ್ರವೇ ಹೊಲಕ್ಕಿಂತ ಎತ್ತರ. ಬಿದ್ದ ಮಳೆ ತಾನಾಗಿ ಎಲ್ಲೂ ಹೋಗಲ್ಲ. 1830ರ ತನಕ ಬಸಿನೀರು ಈಗಿನ ಡಚ್ ಭಾಗದ ತೂಬುಗಳ ಮೂಲಕ ಹರಿದು ಹೋಗುತ್ತಿತ್ತು. ದೇಶ ಎರಡಾದ ಮೇಲೆ ಬೀಗದ ಕೈ ಆ ಕಡೆಯವರ ಬಳಿ ಉಳಿಯಿತು. ಇವರ ಹೊಲಗಳು ಜೌಗು ಹಿಡಿದವು. ನೀರಿಗಾಗಿ ಜಗಳ ಆಡುವುದು ನಮಗೆ ಗೊತ್ತು. ನೀರು ಬೇಡ, ಹೋಗೋಕೆ ದಾರಿ ಬಿಡಿ ಅಂತ ಜಗಳ! ಕೊನೆಗೆ ತಮ್ಮದೇ ನೆಲದಲ್ಲಿ, ಗಡಿಯ ಪಕ್ಕದಲ್ಲೇ, ಸಮುದ್ರಕ್ಕೆ ಒಂದು ದಾರಿ ಮಾಡಿಕೊಂಡರು. 1843ರಲ್ಲಿ ತೋಡಲು ಶುರು ಮಾಡಿದರು. ಮೊದಲನೇ ರಾಜನ ಹೆಸರಿಟ್ಟರು.

ಅಂದರೆ ಇದು ನಾಲೆಯೇ ಅಲ್ಲ. ಇದೊಂದು ಬಸಿಗಾಲುವೆ. ನಾನು ಏರಿ ಮೇಲೆ ಸೈಕಲ್ ನಿಲ್ಲಿಸಿ ಬಹಳ ಹೊತ್ತು ನೋಡುತ್ತಾ ನಿಂತೆ. ಕಣ್ಣಿಗೆ ಎಲ್ಲವೂ ನಮ್ಮ ನಾಲೆಯ ಹಾಗೆಯೇ. ಅದೇ ಏರಿ, ಅದೇ ಓರೆ, ಅದೇ ಹುಲ್ಲು. ಕೆಲಸ ಮಾತ್ರ ಉಲ್ಟಾ. ನಾವು ಒಂದು ದೊಡ್ಡ ನಾಲೆಯಿಂದ ಸಣ್ಣ ನಾಲೆಗೆ, ಅಲ್ಲಿಂದ ಸೀಳುನಾಲೆಗೆ, ಅಲ್ಲಿಂದ ಗದ್ದೆಗೆ ನೀರು ಹಂಚುತ್ತೇವೆ. ಇಲ್ಲಿ ಹೊಲದ ಚರಂಡಿಯಿಂದ ಸಣ್ಣ ಕಾಲುವೆಗೆ, ಅಲ್ಲಿಂದ ದೊಡ್ಡದಕ್ಕೆ ಕೂಡಿಸುತ್ತಾ ಹೋಗುತ್ತಾರೆ. ಮರದ ಬೇರನ್ನೂ ಕೊಂಬೆಯನ್ನೂ ಅದಲುಬದಲು ಮಾಡಿದ ಹಾಗೆ. ನಮ್ಮ ಕೊನೇ ಭಾಗದ ರೈತ ನೀರು ಬರಲಿಲ್ಲ ಅಂತ ಆಫೀಸಿಗೆ ಬರುತ್ತಿದ್ದ. ಇಲ್ಲಿನವನು ನೀರು ಹೋಗಲಿಲ್ಲ ಅಂತ ಬರುತ್ತಾನೆ. ಬರುವುದು ಎಲ್ಲಿಗೆ ಅಂದರೆ, ‘ಪೋಲ್ಡರ್’ ಅಂತಲೇ ಹೆಸರಿರುವ ಮಂಡಳಿಗೆ. ಜಮೀನುದಾರರೇ ಸೇರಿ ನಡೆಸುವ, ಅವರಿಂದಲೇ ಕರ ಎತ್ತುವ ಮಂಡಳಿ. ಮಧ್ಯಯುಗದಿಂದ ನಡೆದು ಬಂದ ಪದ್ಧತಿ. ನಾವು ನೀರು ಬಳಕೆದಾರರ ಸಂಘ ಕಟ್ಟಲು ಪಟ್ಟ ಪಾಡು ನೆನೆದು ಸುಮ್ಮನಾದೆ.

ಸಮುದ್ರದ ಬಳಿ ಗೇಟುಗಳಿವೆ. ಇಳಿತ ಬಂದಾಗ ಎತ್ತುತ್ತಾರೆ, ಭರತ ಬಂದಾಗ ಇಳಿಸುತ್ತಾರೆ. ಅಷ್ಟೇ. ನಾನು ಜೇಬಿನಿಂದ ಇನ್ನೊಂದು ಚೂರು ಕಿತ್ತಳೆ ಸಿಪ್ಪೆ ತೆಗೆದು ಲಿಯೊಪೋಲ್ಡ್ ಕಾಲುವೆಗೆ ಹಾಕಿದೆ. ಇದೂ ಕದಲಲಿಲ್ಲ.

ಇನ್ನು ಸೈಫನ್. ಮೂರು ಕಾಲುವೆಗಳ ನೀರು ಒಂದಕ್ಕೊಂದು ಬೆರೆಯದ ಹಾಗೆ ದಾಟಿಸಲು ಇಲ್ಲಿ ಸೈಫನ್ ಕಟ್ಟಿದ್ದರು. ಎರಡನೇ ಮಹಾಯುದ್ಧದಲ್ಲಿ, 1940ರಲ್ಲಿ, ಹಿಂದೆ ಸರಿಯುತ್ತಿದ್ದ ಫ್ರೆಂಚ್ ಸೈನ್ಯ ಅದನ್ನು ಸಿಡಿಸಿ ಹೋಯಿತು. ನೆಪೋಲಿಯನ್ ಕಾಲುವೆಯನ್ನು ಮುಗಿಸಿದ್ದೂ ಫ್ರೆಂಚರೇ ಅನ್ನಬೇಕು. ಅವತ್ತಿನಿಂದ ಡಮ್ಸೆ ವಾರ್ಟ್ ಎರಡು ತುಂಡು. ಬ್ರೂಜ್‌ನಿಂದ ಸ್ಲೌಸ್‌ಗೆ ನೇರ ದೋಣಿ ಹೋಗಲಾರದು. ಸೈಕಲ್ ಹೋಗುತ್ತದೆ.

ನಾಲ್ಕು ವರ್ಷದ ಮೇಲೆ ಇದೇ ಜೋಡಿ ಕಾಲುವೆ ಇನ್ನೊಂದು ಸೈನ್ಯವನ್ನು ತಡೆಯಿತು. 1944ರ ಸೆಪ್ಟೆಂಬರ್‌ನಲ್ಲಿ ಇಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಮೂರ್‌ಕೆರ್ಕೆಯಲ್ಲಿ ಕೆನಡಾದ ಸೈನಿಕರು ಎರಡೂ ಕಾಲುವೆ ದಾಟಿದರು. ಒಂದು ದಾಟಿದರೆ ಇನ್ನೊಂದು ಎದುರಿಗೆ. ಆಚೆ ದಡದಲ್ಲಿ ಜರ್ಮನರು. ನಿಲ್ಲಲಾಗದೆ ಮತ್ತೆ ಎರಡನ್ನೂ ದಾಟಿ ವಾಪಸ್ ಬರಬೇಕಾಯಿತು. ತುಂಬ ಜನ ಸತ್ತರು. ಅಕ್ಟೋಬರ್‌ನಲ್ಲಿ ಇನ್ನೂ ಪೂರ್ವಕ್ಕೆ ಹೋಗಿ, ಬೆಂಕಿ ಉಗುಳುವ ಯಂತ್ರ ಇಟ್ಟುಕೊಂಡು ಲಿಯೊಪೋಲ್ಡ್ ಕಾಲುವೆ ದಾಟಿದರು. ಆಡೆಗೆಮ್ ಊರಿನಲ್ಲಿ ಅವರ ಸಮಾಧಿಗಳಿವೆ. ಕಾಲುವೆಯ ಅಗಲ ಕಣ್ಣಲ್ಲೇ ಅಳೆದೆ. ನಮ್ಮ ಹುಡುಗರು ಬೇಸಿಗೆಯಲ್ಲಿ ಈಜಿ ದಾಟುವಷ್ಟು ಅಗಲ.

ಸೈಫನ್ ಹತ್ತಿರದ ಹೋಟೆಲ್‌ಗಳಲ್ಲಿ ಹಾವುಮೀನು ಹೆಸರುವಾಸಿ. ಸೊಪ್ಪುಗಳ ಹಸಿರು ಸಾರಿನಲ್ಲಿ ಬೇಯಿಸಿ ಕೊಡುತ್ತಾರೆ. ಮಗ ಹಿಂದೆ ಮುಂದೆ ನೋಡಿದ. ನಾನು ತಿಂದೆ. ಹುಳಿಸೊಪ್ಪಿನ ಸಾರಿಗೆ ಖಾರ ಹಾಕುವುದು ಮರೆತ ಹಾಗಿತ್ತು. ಮೀನು ಮಾತ್ರ ಬೆಣ್ಣೆ.

ಅಲ್ಲಿಂದ ಹೂಕೆ ಅನ್ನೋ ಊರು, ಒಂದು ಗಾಳಿ ಗಿರಣಿ, ಕುರಿಮರಿಗಳು. ಗಡಿ ಎಲ್ಲಿ ಬಂತು ಅಂತ ನಾನು ಕೇಳುವ ಹೊತ್ತಿಗೆ ದಾಟಿ ಆಗಿತ್ತು. ಪಾಸ್‌ಪೋರ್ಟ್ ಅಂಗಿಯ ಒಳಜೇಬಿನಲ್ಲಿ ಬೆವರಿನಲ್ಲಿ ನೆನೆದಿತ್ತು, ಯಾರೂ ಕೇಳಲಿಲ್ಲ. ಸ್ಲೌಸ್ ತುಂಬ ಅಂಗಡಿ, ಅಂಗಡಿ ತುಂಬ ಜನ. ನೆದರ್ಲ್ಯಾಂಡ್ಸ್‌ನಲ್ಲಿರುವ ಒಂದೇ ಒಂದು ಬೆಲ್‌ಫ್ರಿ, ಅಂದರೆ ಊರ ಗಂಟೆಗೋಪುರ, ಇಲ್ಲಿದೆ. ನೋಡಿದೆವು, ಕಾಫಿ ಕುಡಿದೆವು, ತಿರುಗಿದೆವು. ಹದಿನೈದು ಕಿಲೋಮೀಟರ್ ಮೌನದಿಂದ ಬಂದವನಿಗೆ ಆ ಗದ್ದಲ ಹಿಡಿಸಲಿಲ್ಲ.

ತಿರುಗಿದ ಕೂಡಲೇ ಗೊತ್ತಾಯಿತು, ಬರುವಾಗ ಸೈಕಲ್ ಓಡಿಸಿದ್ದು ನನ್ನ ಕಾಲಲ್ಲ ಅಂತ. ನೈರುತ್ಯದ ಗಾಳಿ ಎದೆಗೆ ಕೈ ಇಟ್ಟು ತಳ್ಳುತ್ತಿತ್ತು. ಬೆಟ್ಟ ಇಲ್ಲದ ನಾಡಿನಲ್ಲಿ ಗಾಳಿಯೇ ಬೆಟ್ಟ. ಬೆಟ್ಟಕ್ಕಾದರೂ ತುದಿ ಇರುತ್ತದೆ, ಆಮೇಲೆ ಇಳಿಜಾರು ಸಿಗುತ್ತದೆ. ಇದಕ್ಕೆ ಅದೂ ಇಲ್ಲ. ಈ ದಾರಿಯಲ್ಲಿ ಹೋಗುವವರು ಹೊರಡುವ ಮುಂಚೆ ಗಾಳಿ ಯಾವ ಕಡೆ ಅಂತ ನೋಡಿ. ಎದುರುಗಾಳಿಯ ಪಾಲನ್ನು ಬೆಳಗ್ಗೆಯೇ ಮುಗಿಸಿಬಿಡಿ. “ಇದನ್ನ ಮೊದಲೇ ಹೇಳಬಾರದಿತ್ತೇನೋ?” ಅಂದೆ. “ಹೇಳಿದ್ರೆ ನೀನು ಡಮ್ಮೆಯಿಂದ ಮುಂದೆ ಬರ್ತಿರಲಿಲ್ಲ” ಅಂದ. ನಂತರ ನನ್ನ ಮುಂದೆ ಬಂದು, “ನನ್ನ ಹಿಂದಿನ ಚಕ್ರಕ್ಕೆ ಅಂಟಿಕೊಂಡು ಬಾ, ಗಾಳಿ ಕಮ್ಮಿ ಆಗ್ತದೆ” ಅಂದ. ಅವನಿಗೆ ಸೈಕಲ್ ಕಲಿಸುವಾಗ ಸೀಟು ಹಿಡಿದುಕೊಂಡು ಹಿಂದೆ ಹಿಂದೆ ಓಡಿದವನು ನಾನು. ಈಗ ಅವನ ಬೆನ್ನ ಮರೆಯಲ್ಲಿ ಕಿಲೋಮೀಟರ್‌ಗಟ್ಟಲೆ ತುಳಿದೆ.

ಸೈಫನ್ ಬಂದಾಗ ನಿಲ್ಲು ಅಂದೆ.

“ಮತ್ತೆ ಕಿತ್ತಳೆ ಸಿಪ್ಪೆನಾ?” ಅಂತ ಅವನು ಹ್ಯಾಂಡಲ್ ಮೇಲೆ ತಲೆ ಇಟ್ಟ.

ಸೇತುವೆಯ ನಡುವೆ ನಿಂತು ಲಿಯೊಪೋಲ್ಡ್ ಕಾಲುವೆಗೆ ಕೊನೆಯ ಚೂರು ಹಾಕಿದೆ. ಮೊದಲು ಹಾಗೇ ನಿಂತಿತ್ತು. ಆಮೇಲೆ ನಿಧಾನವಾಗಿ ತಿರುಗಿತು. ದಡದ ಹುಲ್ಲಿನ ಒಂದು ಜೊಂಪೆ ಗುರುತು ಇಟ್ಟುಕೊಂಡು ನೋಡಿದೆ. ಸಿಪ್ಪೆ ಅದನ್ನು ದಾಟಿತು. ಸಮುದ್ರದ ಕಡೆಗೆ, ಎಷ್ಟು ನಿಧಾನ ಅಂದರೆ ಬೇರೆ ಯಾರಾದರೂ ಆಗಿದ್ದರೆ ನಿಂತಿದೆ ಅಂತಲೇ ಹೇಳುತ್ತಿದ್ದರು.

“ಗೇಟ್ ಎತ್ತಿದ್ದಾರೆ ಕಣೋ” ಅಂದೆ.

ಡಮ್ಮೆ ಸೇರುವ ಹೊತ್ತಿಗೆ ಕೊನೇ ದೋಣಿ ಹೊರಡಲು ನಿಂತಿತ್ತು. ನನ್ನ ಹೆಂಡತಿ ದಡದಲ್ಲೇ ಕಾಯುತ್ತಿದ್ದಳು. “ಎಷ್ಟೊತ್ತು ರೀ? ಏನು ಮಾಡ್ತಿದ್ರಿ ಅಲ್ಲಿ?” ಅಂದಳು. ಅವಳ ಕೈಯಲ್ಲಿ ಒಂದು ಹಳೇ ಪುಸ್ತಕ, ಡಚ್ ಭಾಷೆಯದ್ದು, ಹೂವಿನ ಚಿತ್ರ ಇದೆ ಅಂತ ತೆಗೆದುಕೊಂಡಿದ್ದಳು.

“ಗೇಟ್ ಎತ್ತಿದ್ರು, ನೋಡ್ತಿದ್ದೆ.”

“ಯಾರು ಎತ್ತಿದ್ದು?”

“ಯಾರೋ ಡ್ಯೂಟಿಯಲ್ಲಿ ಇರೋನು” ಅಂದೆ. ಅವಳು ನನ್ನ ಮೊಣಕೈಯ ಗೀರು ನೋಡಿ, ದೋಣಿಯಲ್ಲಿ ಸೈಕಲ್ ಹಾಕಿಕೊಳ್ಳುತ್ತಾರಾ ಕೇಳು ಅಂತ ಮಗನನ್ನು ಕಳಿಸಿದಳು.